ನೆನೆಹಾಕಿದ ಕಾಳು, ಇವತ್ತಿನ ನಾಚಿಕೆ

ಅವರ ಜೊತೆ ಮಾಡಿದ ಯಾವ ವಾದದಲ್ಲೂ ನಾನು ಸೋತವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ರೀತಿ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ.

ಹೆಸರು ಬರೆಯುತ್ತಿಲ್ಲ. ನೈರೋಬಿಯ ಲ್ಯಾವಿಂಗ್ಟನ್ನಿನ ನಮ್ಮ ಕಾಂಪೌಂಡಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನೇ ನಾನು ಕಾಣೆ. ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದ ಅವರ ಗಂಡ ‘ಇವಳೇ’ ಅನ್ನುತ್ತಿದ್ದರು. ಉಳಿದ ಕನ್ನಡದ ಮನೆಗಳ ಹೆಂಗಸರಿಗೆ ಅವರು ‘ಸೆಕೆಂಡ್ ಫ್ಲೋರಿನವರು’. ಗೇಟು ಕಾಯುವ ಅಸ್ಕಾರಿಗೆ ‘ಮಾಮಾ ನ್ಜಾಹಿ’. ಮಕ್ಕಳಾದ ನಮಗೆ ಬರೀ ಆಂಟಿ. ಹೋದ ತಿಂಗಳು ಅಂಕಲ್ ರಿಟೈರ್ ಆಗಿ ಇಬ್ಬರೂ ಚಿಂತಾಮಣಿಗೆ ಹೊರಟಾಗ, ಬೀಳ್ಕೊಡುಗೆಯ ಭಾಷಣ ನನ್ನ ಪಾಲಿಗೆ ಬಂತು. ಡಿಬೇಟಿನ ಹುಡುಗಿ ಅಲ್ಲವೇ! ಮಾತಾಡಿದೆ. ನಾಲ್ಕು ಜನ ಕಣ್ಣೊರೆಸಿಕೊಂಡರು. ನಾನು ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ. ಹೇಳಬೇಕಾದ್ದು ಮಾತ್ರ ಅದರಲ್ಲಿ ಇರಲಿಲ್ಲ.

ನಾವು ಬೆಂಗಳೂರಿನಿಂದ ಇಲ್ಲಿಗೆ ಬಂದಾಗ ನಾನು ಏಳನೇ ಕ್ಲಾಸು ಮುಗಿಸಿದ್ದೆ. ತಮ್ಮ ಚಿರುವಿಗೆ ಆಗಷ್ಟೇ ಮಾತು ಕೂಡುತ್ತಿತ್ತು. ಅಪ್ಪನ ಟೆಲಿಕಾಂ ಕೆಲಸ ಅಂದರೆ ತಿಂಗಳ ಅರ್ಧ ಬೇರೆ ದೇಶ. ಕೆಲವು ವರ್ಷದ ಮೇಲೆ ಅಮ್ಮನಿಗೂ ವೆಸ್ಟ್‌ಲ್ಯಾಂಡ್ಸಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ವೆಸ್ಟ್‌ಲ್ಯಾಂಡ್ಸು ದೂರವೇನಲ್ಲ, ಆದರೆ ಸಂಜೆಯ ಜಾಮಿನಲ್ಲಿ ಮಟಾಟು ವ್ಯಾನುಗಳ ಹಿಂದೆ ಸಿಕ್ಕಿಕೊಂಡ ಕಾರಿಗೆ ದೂರ ಹತ್ತಿರ ಅಂತೇನಿಲ್ಲ. ಅದೇ ವರ್ಷ ನಮ್ಮ ಮನೆಗೆಲಸದ ರೋಸ್ ಊರಿಗೆ ಹೋದವಳು ವಾಪಸ್ಸು ಬರಲಿಲ್ಲ. ಕಾಂಪೌಂಡಿನ ಬೇರೆ ಮನೆಗಳಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಸ್ಕೂಲ್ ಬಸ್ಸು ಗೇಟಿನಲ್ಲಿ ಇಳಿಸಿ ಹೋದರೆ, ಕತ್ತಲಾಗುವ ತನಕ ನಾವು ಏಳು ಮಕ್ಕಳು ನಮ್ಮ ನಮ್ಮ ಮನೆಯ ಟೀವಿಯ ಮುಂದೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಕೂತಿರುತ್ತಿದ್ದೆವು.

ಒಂದು ಮಧ್ಯಾಹ್ನ ಬಸ್ಸಿಳಿದರೆ ಅಸ್ಕಾರಿಯ ಪಕ್ಕದಲ್ಲಿ ಆಂಟಿ ನಿಂತಿದ್ದರು. ವಾಯಿಲ್ ಸೀರೆ, ಮೇಲೆ ಅಂಕಲ್‌ನ ಹಳೇ ಸ್ವೆಟರು, ಕಾಲಿಗೆ ಹವಾಯಿ ಚಪ್ಪಲಿ.

“ಬನ್ರೋ, ಎಲ್ಲಾ ನಮ್ಮನೇಗೆ ಬನ್ನಿ.”

“ಯಾಕೆ?” ಅಂದೆ. ನನ್ನ ಹುಟ್ಟುಗುಣ.

“ನಿಮ್ಮಮ್ಮಂದಿರಿಗೆ ಫೋನ್ ಮಾಡಿ ಕೇಳಿದೀನಿ. ಆಯ್ತಾ? ಇನ್ನೇನಾದ್ರೂ ಸಾಕ್ಷಿ ಬೇಕಾ, ಲಾಯರಮ್ಮ?”

ಆ ಹೆಸರು ನನಗೆ ಅಂಟಿಕೊಂಡಿತು.

ಅವರ ಸಂಜೆಗೆ ಒಂದು ಕ್ರಮವಿತ್ತು. ಬ್ಯಾಗು ಬಾಗಿಲಾಚೆಗೇ ಇರಬೇಕು, ಹೋಂವರ್ಕಿನ ಸರದಿ ಬರುವ ತನಕ ಅದಕ್ಕೆ ಒಳಗೆ ಪ್ರವೇಶವಿಲ್ಲ. ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆಯಬೇಕು. ಜುಲೈ ತಿಂಗಳ ಚಳಿಗೆ ನೈರೋಬಿಯ ನೀರು ಹಿಮ್ಮಡಿ ಕಚ್ಚುತ್ತಿತ್ತು, ಆದರೂ ರಿಯಾಯಿತಿ ಇಲ್ಲ. ಆಮೇಲೆ ಅವಲಕ್ಕಿಯೋ ಮೊಸರನ್ನವೋ. ಹೋಂವರ್ಕು ಮುಗಿದ ಮೇಲೆ ಕೆಳಗೆ ಆಟ, ದೀಪ ಹಚ್ಚಿದಾಗ ಮೇಲೆ. ಇಷ್ಟನ್ನು ಯಾವ ಡೇ ಕೇರಿನವರಾದರೂ ಮಾಡಿಯಾರು. ಆಂಟಿಯ ಸ್ವಂತದ್ದು ಅನ್ನುವುದು ತಿಂಡಿಗೂ ಹೋಂವರ್ಕಿಗೂ ನಡುವೆ ಇತ್ತು.

ನ್ಜಾಹಿ ಅನ್ನುವುದು ಇಲ್ಲಿಯ ಕಪ್ಪು ಕಾಳು. ಬಾಣಂತಿಯರಿಗೆ ಬೇಯಿಸಿ ಕೊಡುತ್ತಾರೆ. ಆಂಟಿ ಬಂದ ಹೊಸದರಲ್ಲಿ ಅದರ ಒಂದು ಬದಿಯ ಬಿಳಿ ಗೆರೆ ನೋಡಿ, ಸಂತೆಯಲ್ಲೇ ನಿಂತು “ಅಯ್ಯೋ, ಇದು ನಮ್ ಅವರೇಕಾಳು ಕಣ್ರೀ, ಬಣ್ಣ ಒಂದೇ ಬೇರೆ!” ಅಂತ ಕೂಗಿದ್ದರಂತೆ. ಮೂಟೆಗಟ್ಟಲೆ ತರಿಸುವುದನ್ನು ಕಂಡ ಅಸ್ಕಾರಿ ಒಮ್ಮೆ ತಮಾಷೆಗೆ, “ಮಾಮಾ, ನಿಮ್ಮ ಮನೇಲಿ ಯಾರಿಗೆ ಹೆರಿಗೆ ಆಯ್ತು?” ಅಂತ ಕೇಳಿದ. ಆಂಟಿ ನಮ್ಮ ಸಾಲನ್ನು ತೋರಿಸಿ ತಮ್ಮ ಹರಕು ಸ್ವಾಹಿಲಿಯಲ್ಲಿ, “ನನಗೇ. ವಾಟೊಟೊ ಸಾಬಾ. ಏಳೂ ಒಂದೇ ಸಲ!” ಅಂದರು. ಅವನ ‘ಮಾಮಾ ನ್ಜಾಹಿ’, ಅಂದರೆ ನ್ಜಾಹಿ ಅಮ್ಮ, ಅವತ್ತಿನದು.

ತಿಂಡಿಯಾದ ಮೇಲೆ ನೆನೆದ ನ್ಜಾಹಿಯ ದೊಡ್ಡ ಬೇಸಿನ್ನು ನಡುಮನೆಗೆ ಬರುತ್ತಿತ್ತು. ಎಲ್ಲರೂ ಸುತ್ತ ಕೂತು ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿತುಕಬೇಕು. ಪುಳಕ್ ಅಂತ ಬೇಳೆ ಹೊರಗೆ ಹಾರುತ್ತದೆ, ಕಪ್ಪು ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಹಾಗೆ ಹಿತುಕುತ್ತ, ತಲೆ ಎತ್ತದೆ, ಒಬ್ಬೊಬ್ಬರೂ ‘ಇವತ್ತಿನದು’ ಹೇಳಬೇಕು. ಇವತ್ತಿನದು ಅಂದರೆ ಆ ದಿನ ಎಲ್ಲಿ ನಾಚಿಕೆಯಾಯಿತು ಅನ್ನುವುದು. ಯಾರೂ ಹೇಳುವವರ ಮುಖ ನೋಡಕೂಡದು, ಯಾಕೆ ಏನು ಕೇಳಕೂಡದು, ನಗಬೇಕಾದರೆ ಹೇಳಿದವರು ಮೊದಲು ನಗಬೇಕು. ಇಲ್ಲಿ ಹೇಳಿದ್ದು ಇಲ್ಲೇ. ಹೇಳಿ ಮುಗಿಸಿದಾಗ ಆಂಟಿ, “ಆಯ್ತು. ಸಿಪ್ಪೆ ಆ ಕಡೆ, ಬೇಳೆ ಈ ಕಡೆ” ಅನ್ನುವರು. ಅಷ್ಟೇ. ಬುದ್ಧಿಮಾತು ಗಿದ್ಧಿಮಾತು ಏನೂ ಇಲ್ಲ. ಸಂಜೆ ನಮ್ಮನ್ನು ಕರೆದೊಯ್ಯಲು ಬಂದವರ ಕೈಗೆ ಹಿತಕಿದ ಬೇಳೆ ಸಾರಿನ ಡಬ್ಬಿ.

ಮೊದಲನೆಯದು ಯಾವಾಗಲೂ ಅವರದೇ. ಒಂದು ಸಲ ಹೀಗೆ ಹೇಳಿದರು: “ಅಂಗಡಿಯಿಂದ ಬರ್ತಿದ್ದೆ. ಹಿಂದ್ಗಡೆಯಿಂದ ಯಾರೋ ಹುಡುಗ ಓಡ್ಕೊಂಡ್ ಬಂದ. ನಾನು ಬ್ಯಾಗನ್ನ ಹಿಂಗೆ ಎದೆಗೆ ಅವುಚ್ಕೊಂಬಿಟ್ಟೆ. ನೋಡಿದ್ರೆ ಪಕ್ಕದ ಕಾಂಪೌಂಡಿನ ತೋಟದ ಹುಡುಗ ಒಟಿಯೆನೊ. ನಾನ್ ಬೀಳಿಸ್ಕೊಂಡಿದ್ದ ಕರ್ಚೀಫ್ ಕೊಡೋಕ್ ಬಂದಿದ್ದ. ನನ್ನ ಕೈ ಎಲ್ಲಿದೆ ಅಂತ ನೋಡ್ದ. ಕೊಟ್ಟು ಹೋದ.” ಮರುದಿನ ಅವರು ಪಕ್ಕದ ಗೇಟಿಗೆ ಹೋಗಿ ಆ ಹುಡುಗನಿಗೆ ‘ಪೋಲೆ ಸಾನಾ’, ತುಂಬ ತಪ್ಪಾಯಿತು, ಅಂತ ಹೇಳಿ ಬಂದದ್ದನ್ನು ಅಸ್ಕಾರಿ ನಮಗೆ ಹೇಳಿದ. ಅದನ್ನು ಅವರಾಗಿ ಹೇಳಲಿಲ್ಲ, ಯಾಕೆಂದರೆ ಅದು ನಾಚಿಕೆಯ ಲೆಕ್ಕಕ್ಕೆ ಬರುವುದಿಲ್ಲವಲ್ಲ.

ನನಗೆ ಇದೆಲ್ಲ ಸುತರಾಂ ಒಪ್ಪಿಗೆ ಇರಲಿಲ್ಲ. ಹದಿನಾರು ವರ್ಷ, ಸ್ಕೂಲಿನ ಡಿಬೇಟ್ ಟೀಮಿನ ಮೂರನೇ ಸ್ಪೀಕರು. ಎದುರಾಳಿಯ ಮಾತಿನ ಕಾಲು ಮುರಿಯುವುದೇ ನನ್ನ ಕೆಲಸ. ಮೊದಲ ವಾರವೇ ಬೇಸಿನ್ನಿನ ಎದುರು ಕೂತು ಮಂಡಿಸಿದೆ: ನಾಚಿಕೆ ಅನ್ನುವುದು ಜನರನ್ನು ಹದ್ದುಬಸ್ತಿನಲ್ಲಿಡಲು ಸಮಾಜ ಕಟ್ಟಿದ ಉಪಾಯ, ಮಕ್ಕಳಿಂದ ಅದನ್ನು ದಿನಾ ಬಾಯಿಬಿಡಿಸುವುದು ಹಿಂಸೆ, ಮೇಲಾಗಿ ಇದರಿಂದ ಯಾರಿಗಾದರೂ ಒಳ್ಳೆಯದಾಗಿದೆ ಅನ್ನುವುದಕ್ಕೆ ಎವಿಡೆನ್ಸ್ ಎಲ್ಲಿ?

ಆಂಟಿ ಪೂರ್ತಿ ಕೇಳಿಸಿಕೊಂಡರು. “ಎವಿಡೆನ್ಸ್ ಇಲ್ಲ ಕಣೇ. ಕಾಳಿದೆ. ಹಿತುಕು.”

“ಇದು ಉತ್ತರ ಅಲ್ಲ ಆಂಟಿ.”

“ಅಲ್ಲ ಅಂತ ನಂಗೂ ಗೊತ್ತು. ನೀನೇ ಗೆದ್ದೆ. ಹಿತುಕು.”

ಗೆದ್ದೆ ಅಂತ ಒಪ್ಪಿಕೊಂಡೂ ತನ್ನ ಕೆಲಸ ಬಿಡದವರ ಜೊತೆ ಹೇಗೆ ವಾದಿಸುವುದು? ನಾನು ಬೇರೆ ದಾರಿ ಹಿಡಿದೆ. ದಿನಕ್ಕೊಂದು ನಾಚಿಕೆಯನ್ನು ಕಟ್ಟಿ ಹೇಳತೊಡಗಿದೆ. ಕೊಟ್ಟ ವಿಷಯದ ಯಾವ ಪಕ್ಷವನ್ನಾದರೂ ಹಿಡಿದು ಮಾತಾಡುವ ತರಬೇತಿ ಇತ್ತಲ್ಲ. ಬಸ್ಸಿನಲ್ಲಿ ಕೂತು ಅವತ್ತಿನದನ್ನು ತಯಾರು ಮಾಡುತ್ತಿದ್ದೆ: ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಕಾಳನ್ನು ಹಿತುಕದೆ ಸುಮ್ಮನೆ ಹಿಡಿದಿರಬೇಕು. ಕೇಳಿ ಆಂಟಿಯ ಕೈ ನಿಧಾನವಾದರೆ ಒಳಗೊಳಗೇ ಅಂಕ ಹಾಕಿಕೊಳ್ಳುತ್ತಿದ್ದೆ.

ಚಿರು ಮಾತ್ರ ತನ್ನ ಸರದಿ ಬಂದಾಗಲೆಲ್ಲ “ನಥಿಂಗ್” ಅನ್ನುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಇಂಗ್ಲಿಷು. ಬರಬರುತ್ತ ಆ ಇಂಗ್ಲಿಷೂ ಕಮ್ಮಿಯಾಗುತ್ತಿತ್ತು. ಮನೆಯಲ್ಲಿ ಏನು ಕೇಳಿದರೂ ನಥಿಂಗ್, ಟೀಚರ್ ಕೇಳಿದರೂ ನಥಿಂಗ್. ಆಂಟಿ ಅವನನ್ನು ಒತ್ತಾಯಿಸಲಿಲ್ಲ. “ಆಯ್ತು. ನಥಿಂಗೂ ಈ ಕಡೆ ಹಾಕು” ಅನ್ನುವರು. ಹಾಗೇ ಒಂದು ಟರ್ಮು ಕಳೆಯಿತು.

ನನ್ನ ಅತ್ಯುತ್ತಮ ರಚನೆ ಇದು: ಇಂಟರ್‌ಸ್ಕೂಲ್ ಡಿಬೇಟ್ ನಡೆದ ಹಾಲಿನ ಮುಂದಿನ ಸಾಲಿನಲ್ಲಿ ಪ್ರತಿ ಸ್ಪೀಕರ್‌ನ ಅಪ್ಪ ಅಮ್ಮನಿಗೆ ಅಂತ ಹೆಸರು ಅಂಟಿಸಿದ ಕುರ್ಚಿ ಇಟ್ಟಿದ್ದರು. ನನ್ನ ಎರಡೂ ಕುರ್ಚಿ ಖಾಲಿ. ಟೀಚರ್ ಕೇಳಿದಾಗ ಅಮ್ಮ ಮೊಂಬಾಸಾಗೆ ಹೋಗಿದಾರೆ ಅಂದೆ. ಅಮ್ಮ ಇದ್ದದ್ದು ವೆಸ್ಟ್‌ಲ್ಯಾಂಡ್ಸಿನ ಆಫೀಸಿನಲ್ಲೇ. ಬಾ ಅಂತ ನಾನು ಕರೆದೇ ಇರಲಿಲ್ಲ, ಕರೆದರೆ ಬರ್ತೀನಿ ಅಂತಾರೆ, ಎಲ್ಲ ಮುಗಿದ ಮೇಲೆ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅದನ್ನು ನೋಡಲಾರೆ ಅಂತ.

ಕುರ್ಚಿ, ಹೆಸರು, ಟೀಚರ್, ಮೊಂಬಾಸಾ ಎಲ್ಲ ನನ್ನ ಕಲ್ಪನೆ. ಡಿಬೇಟಿಗೆ ಯಾರ ಅಪ್ಪ ಅಮ್ಮನೂ ಬರುತ್ತಿರಲಿಲ್ಲ. ಆದರೆ ಹೇಳಿ ಮುಗಿಸಿದಾಗ ಆಂಟಿ “ಸಿಪ್ಪೆ ಆ ಕಡೆ” ಅನ್ನುವುದನ್ನೇ ಮರೆತರು. ನನ್ನ ಪಕ್ಕ ಕೂತಿದ್ದ ಚಿರು ತಲೆ ಎತ್ತದೆ, ತೊದಲುತ್ತ, ಕನ್ನಡದಲ್ಲಿ ಶುರು ಮಾಡಿದ: “ನಾನು... ಬಸ್ಸಲ್ಲಿ ಅತ್ತೆ. ಯಾರಾದ್ರೂ ನೋಡ್ಲಿ ಅಂತ ಅತ್ತೆ. ಯಾರೂ ನೋಡಿಲ್ಲ.”

ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನಾನು ಕುರ್ಚಿಗಳನ್ನು ಜೋಡಿಸುತ್ತಿದ್ದೆ.

“ಆಯ್ತು ಕಂದ” ಅಂದರು ಆಂಟಿ. “ಸಿಪ್ಪೆ ಆ ಕಡೆ, ಬೇಳೆ ಈ ಕಡೆ.” ಅವನು ಹಾಕಿದ. ಅದಾದ ಮೇಲೆ ಅವಲಕ್ಕಿ ಇನ್ನಷ್ಟು ಬೇಕು ಅಂದ, ಹಾಕಿಸಿಕೊಂಡು ತಿಂದ.

ಅದೇ ವಾರದ ಶನಿವಾರ ನಮ್ಮ ಮನೆಯಲ್ಲಿ ಕಾಫಿಗೆ ಕಾಂಪೌಂಡಿನ ಹೆಂಗಸರೆಲ್ಲ ಸೇರಿದ್ದರು. ಕೆಲವು ಮಕ್ಕಳ ಮಾರ್ಕ್ಸು ಇಳಿದಿತ್ತು. ಮಾತು ಅಲ್ಲಿಗೇ ಬಂತು. ಅಮ್ಮನೇ ತೆಗೆದಳು, ಮೆತ್ತಗೆ:

“ತಪ್ ತಿಳ್ಕೋಬೇಡಿ. ನೀವು ನೋಡ್ಕೊಳ್ಳೋದು ನಮಗೆಷ್ಟು ಉಪಕಾರ ಅಂತ ಗೊತ್ತು. ಆದ್ರೆ ಅಷ್ಟು ಹೊತ್ತು ಕಾಳು ಹಿತುಕ್ಸೋ ಬದ್ಲು ಅಬ್ಯಾಕಸ್ ಟೀಚರ್‌ನ ಕರೆಸಿದ್ರೆ ಹೇಗೆ ಅಂತ. ರೊಟೀನ್ ಅಂದ್ಮೇಲೆ ಏನಾದ್ರೂ ಔಟ್‌ಕಮ್ ಇರ್ಬೇಕಲ್ವಾ?”

“ಹೌದು ಮತ್ತೆ,” ಅಂದರು ಕೆಳಗಿನ ಮನೆಯವರು. “ನಮ್ಮವನ ಕಪ್ಪಾದ ಬೆರಳು ನೋಡಿ ಮ್ಯಾಮ್ ಏನೋ ಕಾಯ್ಲೆ ಅಂದ್ಕೊಂಡಿದ್ರಂತೆ!”

ಎಲ್ಲರೂ ನಕ್ಕರು. ಆಂಟಿಯೂ ನಕ್ಕರು. ಆದರೆ ಅಮ್ಮ ಬಿಡಲಿಲ್ಲ, ಈ ಗುಣ ನನಗೆ ಬಂದದ್ದೇ ಅಲ್ಲಿಂದ. “ಅಲ್ಲಿ ಅಷ್ಟು ಹೊತ್ತು ಏನ್ ಮಾತಾಡ್ತೀರಾ? ಕೇಳಿದ್ರೆ ಮಕ್ಳು ಹೇಳೋದೇ ಇಲ್ಲ.”

ಆಂಟಿ ಲೋಟ ಕೆಳಗಿಟ್ಟರು. ತಮಗೆ ವಾದ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಕೈಗೆ ಸಿಕ್ಕಿದ ಒಂದೇ ಒಂದು ಎವಿಡೆನ್ಸನ್ನು ಎತ್ತಿಕೊಂಡರು.

“ನಿಮ್ಮ ಮಗಳೇ ಇದಾಳಲ್ಲ. ಡಿಬೇಟಲ್ಲಿ ಕುರ್ಚಿ ಖಾಲಿ ಇತ್ತು, ನೀವು ಬರಲ್ಲ ಅನ್ನೋಕೆ ನಾಚ್ಕೆ ಆಗಿ, ಅಮ್ಮ ಮೊಂಬಾಸಾಗೆ ಹೋಗಿದಾರೆ ಅಂತ ಟೀಚರ್ ಹತ್ರ ಸುಳ್ ಹೇಳಿದ್ಲಂತೆ. ಪಾಪ, ಅದನ್ನ ಹೊಟ್ಟೇಲಿ ಇಟ್ಕೊಂಡು ಓಡಾಡ್ತಿತ್ತು ಮಗು. ಅಬ್ಯಾಕಸ್ ಟೀಚರ್ ಹತ್ರ ಹೇಳ್ತಿದ್ಲಾ ಅದನ್ನ?”

ನಾನು ಕಾಫಿಯ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ನನ್ನ ಕಡೆ ನೋಡಿದಳು. ಅವಳ ಮುಖ ಕೆಂಪಾಗಲಿಲ್ಲ, ಬಣ್ಣ ಹೋಯಿತು. ಒಂದು ವಾಕ್ಯ ಸಾಕಿತ್ತು: ಇಲ್ಲಮ್ಮ, ಅದು ನಾನು ಕಟ್ಟಿದ ಕಥೆ. ಹೇಳಿದರೆ ಅಷ್ಟು ಜನರ ಮುಂದೆ ಆಂಟಿ ಪೆಚ್ಚಾಗುತ್ತಾರೆ, ಅವರ ಬೇಸಿನ್ನು, ಕಾಳು, ಇವತ್ತಿನದು ಎಲ್ಲ ಒಂದು ತಮಾಷೆಯಾಗುತ್ತದೆ. ಹೇಳದಿದ್ದರೆ ಅಮ್ಮನಿಗೆ ಆ ಮುಖ ಹಾಗೇ ಉಳಿಯುತ್ತದೆ. ಎರಡೂ ಪಕ್ಷ ಹಿಡಿದು ಮಾತಾಡಬಲ್ಲವಳು ನಾನು. ಟ್ರೇ ಹಿಡಿದು ನಿಂತೇ ಇದ್ದೆ.

ಅಷ್ಟರಲ್ಲಿ ಆಂಟಿಯ ಕೈ ತಾನಾಗಿ ಬಾಯಿಗೆ ಹೋಯಿತು. ಇಲ್ಲಿ ಹೇಳಿದ್ದು ಇಲ್ಲೇ ಅಂದವರು ಅವರೇ ಅಲ್ಲವೇ. “ಅಯ್ಯೋ” ಅಂತ ಎದ್ದರು. ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಹೋದರು.

ಸೋಮವಾರವೂ ಗೇಟಿನಲ್ಲಿ ನಿಂತಿದ್ದರು. ನಲ್ಲಿ, ಅವಲಕ್ಕಿ, ಬೇಸಿನ್ನು. ಮೊದಲನೆಯದು ಎಂದಿನಂತೆ ಅವರದು, ಆದರೆ ಅವತ್ತು ಅವರು ಕಾಳಿನ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು. “ಒಬ್ಬರು ನಂಬಿ ಹೇಳಿದ್ದನ್ನ ತಗೊಂಡು ಹೋಗಿ ನನ್ನ ಮಾನ ಉಳಿಸ್ಕೊಳ್ಳೋಕೆ ಖರ್ಚು ಮಾಡ್ಬಿಟ್ಟೆ. ಲಾಯರಮ್ಮ, ತಪ್ಪಾಯ್ತು ಕಣೇ.” ಏಳು ಮಕ್ಕಳ ಮುಂದೆ, ಒದ್ದೆ ಕೈಗಳನ್ನು ಜೋಡಿಸಿದರು.

“ಪರವಾಗಿಲ್ಲ ಆಂಟಿ” ಅಂದೆ ನಾನು.

ಹೌದು, ಕ್ಷಮಿಸಿದೆ! ದೊಡ್ಡ ಮನಸ್ಸು ಮಾಡಿ. ಈ ಎರಡು ಪದ ನೆನಪಾದಾಗಲೆಲ್ಲ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಅಂದಿನಿಂದ ಅವರು ಇವತ್ತಿನದನ್ನು ಕೇಳಲಿಲ್ಲ. “ನನ್ ಬಾಯಿಗೆ ಬೀಗ ಇಲ್ಲ, ಇನ್ನೊಬ್ಬರದನ್ನ ಯಾಕೆ ಇಟ್ಕೊಳ್ಳಲಿ” ಅಂದರು. ಅಬ್ಯಾಕಸ್ ಟೀಚರ್ ಬರಲಿಲ್ಲ, ಕಾಳು ಹಿತುಕುವುದು ನಡೆಯಿತು, ಪಕ್ಕದಲ್ಲಿ ರೇಡಿಯೋ ಹಾಡುತ್ತಿತ್ತು. ಚಿರು ಒಂದೆರಡು ದಿನ ತನ್ನ ಸರದಿ ಬರುತ್ತದೇನೋ ಅಂತ ಕಾದ. ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿಕೊಂಡ. ಆಮೇಲೆ ಅವನನ್ನು ಕೇಳುವವರೂ ಇರಲಿಲ್ಲವಾಗಿ, ನಥಿಂಗ್ ಅನ್ನುವುದೂ ನಿಂತಿತು.

ಅಮ್ಮ ಮುಂದಿನ ಡಿಬೇಟಿಗೆ ರಜೆ ಹಾಕಿ ಬಂದಳು. ಎಲ್ಲರಿಗಿಂತ ಮೊದಲೇ ಬಂದು, ಮುಂದಿನ ಸಾಲಿನಲ್ಲಿ ಬಗ್ಗಿ ಬಗ್ಗಿ ಕುರ್ಚಿಯ ಮೇಲೆ ಹೆಸರು ಹುಡುಕುತ್ತಿದ್ದಳು. ಟೀಚರನ್ನೂ ಕೇಳಿದಳು. ವಾಪಸ್ಸು ಬರುವಾಗ ಜಾಮಿನಲ್ಲಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಹೇಳಿದಳು: “ಕುರ್ಚಿ ಗಿರ್ಚಿ ಯಾವತ್ತೂ ಇರ್ಲಿಲ್ಲವಂತೆ. ಇರ್ಲಿ ಬಿಡು. ನಾನು ಬಂದಿರ್ಲಿಲ್ಲ ಅನ್ನೋದು ನಿಜ ತಾನೆ.” ನಾನು ಕಟ್ಟಿದ ಸುಳ್ಳುಗಳಲ್ಲಿ ಅದೊಂದು ಮಾತ್ರ ಯಾಕೆ ಅಷ್ಟು ಸಲೀಸಾಗಿ ಬಾಯಿಗೆ ಬಂದಿತ್ತು ಅಂತ ಆಗ ಹೊಳೆಯಿತು. ಹೊಳೆದ ಮೇಲೂ ಎರಡನೇ ಮಹಡಿಗೆ ಹೋಗಿ ಹೇಳಲಿಲ್ಲ.

ಈಗ ನಾನು ಇದೇ ಊರಿನಲ್ಲಿ ಮಕ್ಕಳಿಗೆ ಡಿಬೇಟ್ ಕಲಿಸುತ್ತೇನೆ. ಚಿರು ನನಗಿಂತ ಎತ್ತರ. ಬೀಳ್ಕೊಡುಗೆಯ ದಿನ “ಹಾಯ್ ಆಂಟಿ” ಅಂದು ಫೋನಿಗೆ ಮರಳಿದ. ಆಂಟಿ ಅವನ ತಲೆ ಸವರಲು ಚಾಚಿದ ಕೈ ಭುಜಕ್ಕಷ್ಟೇ ಎಟುಕಿತು. ಭಾಷಣವಾಗಿ, ಊಟವಾಗಿ, ಜನ ಚದುರಿದ ಮೇಲೆ ನಾನು ಅವರ ಅಡುಗೆಮನೆಗೆ ಹೋದೆ. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಬೇಸಿನ್ನು ಒಂದು ಹೊರಗಿತ್ತು, ಅದರ ತುಂಬ ನೆನೆದ ನ್ಜಾಹಿ. ಬಸ್ಸಿಳಿಯುವ ಹೊಸ ಮಕ್ಕಳಿಗೆ, ಕೊನೆಯ ದಿನಕ್ಕೆ.

“ಎಷ್ಟ್ ಚೆನ್ನಾಗಿ ಮಾತಾಡ್ದೆ,” ಅಂದರು. ಆಮೇಲೆ, ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದನ್ನು ಮತ್ತೆ ಹೇಳಿದರು. “ನಿನ್ ವಿಷಯದಲ್ಲಿ ನಾನು ಅವತ್ತು ಹಾಗೆ ಮಾಡ್ಬಾರ್ದಿತ್ತು.”

“ಆಂಟಿ, ಒಂದು ಇವತ್ತಿನದು ಹೇಳ್ಲಾ?”

ಅವರು ನನ್ನ ಮುಖ ನೋಡಲಿಲ್ಲ. ಬೇಸಿನ್ನನ್ನು ಕಾಲಲ್ಲೇ ನನ್ನ ಕಡೆ ತಳ್ಳಿದರು. ನೆಲದ ಮೇಲೆ ಕೂತೆ. ಹಿತುಕುತ್ತ ಹೇಳಿದೆ: ಕುರ್ಚಿ ಇರಲಿಲ್ಲ, ಮೊಂಬಾಸಾ ಇರಲಿಲ್ಲ, ಅದಕ್ಕಿಂತ ಹಿಂದಿನವೂ ಯಾವುದೂ ಇರಲಿಲ್ಲ. ಅವರು ಬಯಲು ಮಾಡಿದ್ದು ನನ್ನ ಗುಟ್ಟನ್ನಲ್ಲ, ನಾನು ಕಟ್ಟಿದ ಕಥೆಯನ್ನು. ಆದ್ದರಿಂದ, ಅಂತ ಮುಂದುವರಿದೆ, ಹಾಳು ಅಭ್ಯಾಸ ನೋಡಿ, ಆದ್ದರಿಂದ ನೀವು ತಪ್ಪು ಮಾಡಿದ ಹಾಗೇ ಆಗಲಿಲ್ಲ.

ಅವರಿಗೆ ನಗು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ.

“ಅಷ್ಟು ದಿನ ಸುಳ್ ಹೇಳ್ದ್ಯಾ? ಅಷ್ಟೂ ದಿನ?” ದನಿಯಲ್ಲಿ ನೋವಿತ್ತು, ಮುಚ್ಚಿಡಲಿಲ್ಲ. ಆಮೇಲೆ: “ನೀನ್ ಸುಳ್ ಹೇಳಿರ್ಬೋದು. ನಾನು ನಿಜ ಅಂದ್ಕೊಂಡೇ ಹೋಗಿ ಹೇಳ್ದೆ. ನಿನ್ ಪಾಲಿಂದು ನೀನಿಟ್ಕೋ ಲಾಯರಮ್ಮ. ನಂದನ್ನ ಕಿತ್ಕೊಂಡ್ ಹೋಗ್ಬೇಡ.”

ಕೈಯಲ್ಲಿದ್ದ ಕಾಳನ್ನು ಹಿತುಕಿದೆ.

“ಆಯ್ತು,” ಅಂದರು. “ಸಿಪ್ಪೆ ಆ ಕಡೆ.” ಬೇಳೆಯ ಮಾತು ಎತ್ತಲಿಲ್ಲ. ಕೆಳಗೆ ಬಸ್ಸಿನ ಹಾರನ್ ಕೇಳಿತು. ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಎದ್ದು ಮೆಟ್ಟಿಲಿಳಿದರು.

ಮಾರನೆಯ ದಿನ ಆ ಹೊತ್ತಿಗೆ ಅವರ ವಿಮಾನ ಹೊರಟಿತ್ತು. ಬಸ್ಸು ಬಂತು. ನಾಲ್ಕು ಮಕ್ಕಳಿಳಿದರು, ಅಭ್ಯಾಸಬಲದಿಂದ ಹಿತ್ತಿಲ ನಲ್ಲಿಗೆ ಹೋಗಿ ಕಾಲು ತೊಳೆದರು, ಎರಡನೇ ಮಹಡಿಯ ಬೀಗ ಹಾಕಿದ ಬಾಗಿಲ ಮುಂದೆ ಒದ್ದೆ ಕಾಲಲ್ಲಿ ಸಾಲಾಗಿ ಕೂತರು. ನಾನು ಅವರನ್ನು ನಮ್ಮ ಮನೆಗೆ ಕರೆದೆ. ಬ್ರೆಡ್ಡು ಜಾಮು ಕೊಟ್ಟೆ. ತಿಂದರು. ಬ್ಯಾಗು ಹೊರಗೇ ಇಟ್ಟಿದ್ದರು. ಒಂದು ಪುಟ್ಟ ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ನಡುಮನೆಯ ಖಾಲಿ ಜಾಗವನ್ನು ನೋಡಿ, “ವೇರ್ ಈಸ್ ದ ಬೇಸಿನ್?” ಅಂತ ಕೇಳಿದಳು.

ನ್ಜಾಹಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಅಷ್ಟು ವರ್ಷ ಅದು ಪ್ರತಿದಿನ ನೆನೆದೇ ನಮ್ಮ ಮುಂದೆ ಬರುತ್ತಿತ್ತು. ಯಾರು, ಯಾವಾಗ ನೆನೆಹಾಕುತ್ತಾರೆ ಅಂತ ಒಂದು ದಿನವೂ ನನಗೆ ಕೇಳಬೇಕೆನ್ನಿಸಿರಲಿಲ್ಲ.

ನಾನೂ ನೆಲದ ಮೇಲೆ ಕೂತೆ. ಕೈ ಖಾಲಿ ಇತ್ತು. ಮಕ್ಕಳು ಕಾಯುತ್ತಿದ್ದರು.

“ಮೊದಲು ನಂದು ಹೇಳ್ತೀನಿ. ಇವತ್ತಿನದು,” ಅಂದೆ. “ಕಾಳು ನೆನೆಹಾಕಿಲ್ಲ.”

ಆ ಹುಡುಗಿ ನನ್ನ ಖಾಲಿ ಕೈ ನೋಡಿದಳು. “ಅಷ್ಟೇನಾ?”

“ಇವತ್ತಿಗೆ ಅಷ್ಟೇ.”